ಹಸಿ ಬಣ್ಣ

ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೊನಿಯ ಹತ್ತಿರ ನನ್ನ ಸೋದರಮಾವನದ್ದೊಂದು ಸಣ್ಣ ಹೋಟೆಲು. ಹೋದ ವರ್ಷ ಪೈಪ್ ಗ್ಯಾಸ್ ಬಂತು. ಅಲ್ಲಿಯವರೆಗೆ ಬ್ಲೋವರ್ ಹಾಕಿ ಉರಿಸುತ್ತಿದ್ದ ಡೀಸೆಲ್ ಭಟ್ಟಿ, ಅದರ ಬರ್ನರ್, 200 ಲೀಟರಿನ ಕಬ್ಬಿಣದ ಟಾಂಕಿ ಎಲ್ಲ ಹಿತ್ತಲಿನ ಮೂಲೆ ಸೇರಿದವು. ಗುಜರಿಗೆ ಕೊಟ್ಟರೆ ತೂಕದ ಬೆಲೆ, ಬಳಸುವವರಿಗೆ ಕೊಟ್ಟರೆ ಅದಕ್ಕಿಂತ ಹೆಚ್ಚು. ವಸಯಿ ಕಡೆ ಫರ್ಸಾಣ್ ಕರಿಯುವ ಹುಡುಗನೊಬ್ಬ ಟೆಂಪೋ ತೆಗೆದುಕೊಂಡು ಬಂದ.

ಟಾಂಕಿಯ ಅಡಿಯ ಬೆಸುಗೆಯಲ್ಲಿ ಸಣ್ಣ ತೂತಿತ್ತು. ಮಾವ ಅದಕ್ಕೆ ಎಂ-ಸೀಲ್ ಮೆತ್ತಿ, ಹಿಂದಿನ ದಿನವೇ ಇಡೀ ಟಾಂಕಿಗೆ ಕಪ್ಪು ಬಣ್ಣ ಹೊಡೆಸಿದ್ದರು. ಹುಡುಗ ಕೇಳಿದ, "ಲೀಕ್ ಇದೆಯಾ ಶೇಟ್?" ಮಾವ ಕೈಯಲ್ಲಿ ತಟ್ಟಿ ತೋರಿಸಿದರು: "ನೀನೇ ನೋಡು ಮಾರಾಯ." ನಾನು ಪಕ್ಕದಲ್ಲೇ ಚಾ ಕುಡಿಯುತ್ತಿದ್ದೆ. ಏನೂ ಹೇಳಲಿಲ್ಲ.

ಆಮೇಲೆ ಕೇಳಿದ್ದಕ್ಕೆ ಮಾವ, "ಇದನ್ನು ನಾನೂ ಸೆಕೆಂಡ್ ಹ್ಯಾಂಡೇ ತೆಗೆದುಕೊಂಡದ್ದು. ನನಗೆ ಯಾರು ಹೇಳಿದ್ದರು?" ಎಂದರು.

ಬಿ.ಕಾಂ.ನಲ್ಲಿ ಓದಿದ 1872ರ ಕಾಂಟ್ರಾಕ್ಟ್ ಆಕ್ಟ್ ನೆನಪಾಯಿತು. ಅದರ 17ನೇ ಸೆಕ್ಷನ್ನಿನಲ್ಲಿ ಒಂದು ಕುದುರೆ ಬರುತ್ತದೆ. ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಹೇಳಲೇಬೇಕು. ಪರೀಕ್ಷೆಗೆ ಉರು ಹೊಡೆಯುವಾಗ ಇದು ನಮಗೆ ತಮಾಷೆಯಾಗಿತ್ತು. ಅದೇ ಸೆಕ್ಷನ್ನು ಇನ್ನೊಂದನ್ನೂ ಹೇಳುತ್ತದೆ: ಗೊತ್ತಿದ್ದ ಸಂಗತಿಯನ್ನು ಮೋಸಗೊಳಿಸಲೆಂದು ಮುಚ್ಚಿಟ್ಟರೆ ವಂಚನೆ. ಹಾಗಾದರೆ ಮಾವನ ಮೌನಕ್ಕೆ ಮಾಫಿ ಇರಬಹುದು, ಬಣ್ಣಕ್ಕೆ ಇಲ್ಲ. ನನ್ನದು ಬರೀ ಮೌನ. ಈ ಲೆಕ್ಕದಲ್ಲಿ ನಾನು ಸಲೀಸಾಗಿ ಪಾರಾದೆ. ಅದೇ ನನಗೆ ಕಸಿವಿಸಿಯಾದದ್ದು.

ಯಾಕೆಂದರೆ ಕುದುರೆಯ ಕತೆಯಲ್ಲಿ ಇಬ್ಬರೇ ಇದ್ದಾರೆ. ಟಾಂಕಿಯ ಕತೆಯಲ್ಲಿ ಮೂರನೆಯವನೊಬ್ಬನಿದ್ದಾನೆ. ಒಂದು ದಿನ ಎಂ-ಸೀಲ್ ಬಿಡುತ್ತದೆ, ಡೀಸೆಲ್ ಜಿನುಗುತ್ತದೆ, ಹುಡುಗ ಟಾಂಕಿ ಖಾಲಿ ಮಾಡಿ ವೆಲ್ಡರನ್ನು ಕರೆಯುತ್ತಾನೆ. ಖಾಲಿ ಅಂದರೆ ನಿರಪಾಯ ಎಂದು ನಮ್ಮ ತಿಳುವಳಿಕೆ. ನಿಜ ತಿರುಗುಮುರುಗು. ತುಂಬಿದ ಟಾಂಕಿಯಲ್ಲಿ ಗಾಳಿಗೆ ಜಾಗವಿಲ್ಲ. ಖಾಲಿ ಟಾಂಕಿಯ ಗೋಡೆಗೆ ಅಂಟಿದ ಗಸಿ ಬೆಸುಗೆಯ ಕಾವಿಗೆ ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಬೆರೆತು, ಒಂದು ಕಿಡಿಗೆ ಸಿಡಿಯಬಹುದು. ಆ ವೆಲ್ಡರ್ ಚೌಕಾಸಿ ಮಾಡಿದವನಲ್ಲ, ಲಾಭ ತಿಂದವನೂ ಅಲ್ಲ. ಮಾವ ಉಳಿಸಿಕೊಂಡ ಒಂದೆರಡು ಸಾವಿರದ ಮುಂದೆ ಅವನ ಮುಖ ಇರುತ್ತದೆ, ಅಷ್ಟೆ.

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಸೌದೆ-ಇದ್ದಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೋ ಇನ್ನೊಂದು ಶುದ್ಧ ಇಂಧನಕ್ಕೋ ಬದಲಾಗಬೇಕೆಂದಿತು. ಒಳ್ಳೆಯದೇ. ಆದರೆ ನಮ್ಮ ಅಡುಗೆಮನೆ ಚೊಕ್ಕಟವಾದಾಗ ಹಳೆಯ ಭಟ್ಟಿ ಯಾರ ಅಂಗಳಕ್ಕೆ ಹೋಯಿತು ಎಂದು ನಾನಂತೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಮೂರನೇ ದಿನ ಮಾವನ ಚೀಟಿಯಿಂದ ನಂಬರ್ ತೆಗೆದು ಫೋನ್ ಮಾಡಿದೆ. ತೂತಿನ ವಿಷಯ ಹೇಳಿದೆ. ಹುಡುಗ ನಕ್ಕ. "ಗೊತ್ತಿತ್ತು ಸಾಬ್. ಬಣ್ಣ ಹಸಿಯಿತ್ತು, ಕೈಗೆ ಅಂಟಿತು. ಅದಕ್ಕೇ ಮುನ್ನೂರು ಕಮ್ಮಿ ಮಾಡಿಸಿದೆ. ನಾಳೆ ವೆಲ್ಡರ್ ಬರ್ತಾನೆ."

"ಅವನಿಗೆ ಒಳಗೆ ಏನಿತ್ತು ಅಂತ ಹೇಳಿದ್ದೀಯಾ?"

"ಅವನು ಕೇಳಲಿಲ್ಲ."

ಮೊದಲು ಸೋಡಾ ಹಾಕಿ ತೊಳೆಸಬೇಕು, ಮುಚ್ಚಳ ತೆರೆದಿಡಬೇಕು, ಬೆಸುಗೆಯ ಜಾಗದವರೆಗೆ ನೀರು ತುಂಬಿಸಿದ ಮೇಲೆಯೇ ಬೆಂಕಿ ಎಂದು ಎರಡೆರಡು ಸಲ ಹೇಳಿದೆ. ಅಲ್ಲಿ ಟ್ಯಾಂಕರ್ ನೀರಂತೆ, ದುಡ್ಡು ಬೀಳುತ್ತದಂತೆ. ನೀರಿನ ದುಡ್ಡು ನಾನು ಕಳಿಸುತ್ತೇನೆ, ವೆಲ್ಡರನ ನಂಬರ್ ಕೊಡು ಎಂದೆ.