ಅಲೆಯ ಆನಂದ ಒಬ್ಬನಿಗೆ, ಕೆಮ್ಮು ಇನ್ನೊಬ್ಬನಿಗೆ

ಮೂಲ್ಕಿ ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಯುವಕರು ಹಲಗೆಯ ಮೇಲೆ ನಿಂತು ಅಲೆಗಳ ಮೇಲೆ ಜಾರುವುದನ್ನು ನೀವು ನೋಡಿರಬಹುದು. ಸರ್ಫಿಂಗ್ ಎಂಬ ಈ ಆಟಕ್ಕೆ ಇಂಜಿನ್ ಬೇಡ, ಪೆಟ್ರೋಲ್ ಬೇಡ. ಹೊಗೆಯಿಲ್ಲ, ಸದ್ದಿಲ್ಲ. ಇದರಿಂದ ಯಾರಿಗೇನು ಕೇಡು ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ಆ ಹಲಗೆಯನ್ನೇ ನೋಡಬೇಕು.

ಈ ಆಟದ ತವರು ಹವಾಯಿ ದ್ವೀಪಗಳು. ಅಲ್ಲಿನ ಹಿರಿಯರು ಕೋವಾ, ವಿಲಿವಿಲಿ ಮರಗಳಿಂದ ಹಲಗೆ ಕೆತ್ತುತ್ತಿದ್ದರು. ಕಡಿಯುವ ಮರದ ಬುಡದಲ್ಲಿ ಒಂದು ಕೆಂಪು ಮೀನನ್ನಿಟ್ಟು ಪ್ರಾರ್ಥಿಸುತ್ತಿದ್ದರಂತೆ. ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕೆಂಬ ತಿಳಿವು ಅವರಲ್ಲಿತ್ತು.

1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಲಿಯುರೆಥೇನ್ ಫೋಮಿನ ಹಲಗೆಗಳು ಬಂದವು. ಫೋಮಿನ ತಿರುಳಿಗೆ ಗಾಜಿನ ನಾರಿನ ಬಟ್ಟೆ ಹೊದಿಸಿ ಪಾಲಿಯೆಸ್ಟರ್ ರೆಸಿನ್ ಬಳಿದರೆ ಹಗುರವಾದ ಹಲಗೆ ಸಿದ್ಧ. ಆದರೆ ಆ ಫೋಮ್ ತಯಾರಿಕೆಗೆ ಬಳಸುವ ಟಾಲ್ಯೂಯಿನ್ ಡೈಐಸೋಸಯನೇಟ್ ಎಂಬ ರಾಸಾಯನಿಕ ಕೆಲಸಗಾರನಿಗೆ ಆಸ್ತಮಾ ತರಬಲ್ಲದು. ರೆಸಿನ್‌ನಿಂದ ಸ್ಟೈರೀನ್ ಆವಿ ಏಳುತ್ತದೆ. ಉಜ್ಜುವಾಗ ಧೂಳು ಏಳುತ್ತದೆ. ಮುರಿದ ಹಲಗೆ ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ.

ಅಮೆರಿಕದ ಬಹುಪಾಲು ಹಲಗೆಗಳಿಗೆ ಫೋಮ್ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಕಾರ್ಖಾನೆ 2005ರ ಡಿಸೆಂಬರ್ 5ರಂದು ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿತು. ತಯಾರಕರು ಬೇರೆ ದಾರಿ ಹುಡುಕಲೇಬೇಕಾಯಿತು. ಇಂದು ಮರುಬಳಕೆಯ ಥರ್ಮೊಕೋಲ್, ಸಸ್ಯಮೂಲದ ಪಾಲು ಬೆರೆತ ಎಪಾಕ್ಸಿ, ಟೊಳ್ಳು ಮರದ ಹಲಗೆ ಎಲ್ಲವೂ ಉಂಟು.

ಇದು ಒಳ್ಳೆಯದೇ. ಆದರೆ ಇಂಥ ಹಲಗೆ ಕೊಂಡಾಕ್ಷಣ ನಮ್ಮ ಕರ್ತವ್ಯ ಮುಗಿಯಿತೇ? ವರ್ಷಕ್ಕೆ ಮೂರು ‘ಹಸಿರು’ ಹಲಗೆ ಕೊಂಡು ಎಸೆಯುವವನಿಗಿಂತ, ಒಂದೇ ಹಳೆಯ ಹಲಗೆಯ ಬಿರುಕಿಗೆ ತೇಪೆ ಹಾಕಿ ಹತ್ತು ವರ್ಷ ಬಳಸುವವನು ಕಡಲನ್ನು ಹೆಚ್ಚು ಪ್ರೀತಿಸಿದವನಲ್ಲವೇ? ಒಳ್ಳೆಯ ವಸ್ತುವನ್ನು ಅಂಗಡಿಯಲ್ಲಿ ಕೊಳ್ಳಬಹುದು. ತೃಪ್ತಿಯನ್ನು ಮಾತ್ರ ನಾವೇ ಕಲಿಯಬೇಕು.

‘ಕಡಲಿಗೆ ಇಷ್ಟೊಂದು ಕಸ ಸೇರುತ್ತಿರುವಾಗ ನನ್ನದೊಂದು ಹಲಗೆ ಏನು ಮಹಾ?’ ಎನ್ನುವವರಿದ್ದಾರೆ. ಪಾಲು ಚಿಕ್ಕದಿರಬಹುದು. ಆದರೂ ಅದು ನನ್ನ ಪಾಲು. ಅದಕ್ಕೆ ಬೇರೆ ಯಾರೂ ಉತ್ತರ ಕೊಡಲಾರರು. ಮೇಲಾಗಿ, ಧೂಳು ಕುಡಿದ ಆ ಕೆಲಸಗಾರನಿಗೆ ತನ್ನ ನೋವು ಚಿಕ್ಕದಲ್ಲ. ಅವನನ್ನು ನಾವು ಕಾಣುವುದಿಲ್ಲ, ಅಷ್ಟೇ.

ಹೆತ್ತವರೇ, ಮಕ್ಕಳು ಹಲಗೆಯನ್ನೋ ಸೈಕಲನ್ನೋ ಬೇಕೆಂದು ಕೇಳಿದಾಗ ಬೇಡವೆನ್ನಬೇಕಾಗಿಲ್ಲ. ಜೊತೆಯಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿ: ಇದನ್ನು ಮಾಡಿದವರು ಯಾರು? ಎಷ್ಟು ಕಾಲ ಬಾಳುತ್ತದೆ? ಮುರಿದ ಮೇಲೆ ಎಲ್ಲಿಗೆ ಹೋಗುತ್ತದೆ? ಹೀಗೆ ಕೇಳಲು ಕಲಿತ ಮಗು ಯಾವ ವಸ್ತುವನ್ನೂ ಸುಲಭವಾಗಿ ಎಸೆಯಲಾರದು.