ಸಾಲವನ್ನು ಮನೆಯವರ ಮುಂದೆ ಇಡಿ



ನಿಮ್ಮಲ್ಲಿ ಬಹಳ ಮಂದಿಗೆ ತಿರುಪತಿ ತಿಮ್ಮಪ್ಪ ಮನೆದೇವರು. ಅವನ ಮದುವೆಯ ಕಥೆ ನಿಮಗೆಲ್ಲ ಗೊತ್ತು. ಪದ್ಮಾವತಿಯನ್ನು ಕೈಹಿಡಿಯಲು ಶ್ರೀನಿವಾಸನ ಬಳಿ ಹಣವಿರಲಿಲ್ಲ. ಕುಬೇರನಿಂದ ಸಾಲ ತಂದ. ಪತ್ರ ಬರೆದುಕೊಟ್ಟ, ಬ್ರಹ್ಮ ರುದ್ರರು ಸಾಕ್ಷಿಯಾದರು. ಕಲಿಯುಗ ಮುಗಿಯುವ ತನಕ ಬಡ್ಡಿ ಕಟ್ಟುತ್ತೇನೆಂದು ಒಪ್ಪಿಕೊಂಡ. ನಾವು ಹುಂಡಿಗೆ ಹಾಕುವ ಕಾಣಿಕೆ ಆ ಬಡ್ಡಿಗೇ ಹೋಗುತ್ತದೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಸಾಲಗಾರನೆಂದು ಯಾರಾದರೂ ತಿಮ್ಮಪ್ಪನಿಗೆ ಕೈಮುಗಿಯುವುದನ್ನು ಬಿಟ್ಟಿದ್ದಾರೆಯೇ? ಹಾಗಿದ್ದ ಮೇಲೆ, ಸಾಲ ಮಾಡಿದ ಪಕ್ಕದ ಮನೆಯವನನ್ನು ಕಂಡು ನಾವೇಕೆ ಮುಖ ಸಿಂಡರಿಸುತ್ತೇವೆ? ಅವನಾದರೂ ಏಕೆ ತಲೆತಗ್ಗಿಸಿ ಓಣಿ ದಾಟುತ್ತಾನೆ?

ದೇವರು ಸಾಲವನ್ನು ಬಚ್ಚಿಡಲಿಲ್ಲ. ನಾವು ಬಚ್ಚಿಡುತ್ತೇವೆ. ಹೆಂಡತಿಗೆ ಗೊತ್ತಿಲ್ಲದ ಕೈಸಾಲ, ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ, ಅಪ್ಪನಿಗೆ ಹೇಳದೆ ಮಗ ಮೊಬೈಲಿನಲ್ಲಿ ಎತ್ತಿದ ಸಾಲ. ಒಂದೇ ಸೂರಿನಡಿ ಮೂವರೂ ಒಬ್ಬೊಬ್ಬರೇ ನಿದ್ದೆಗೆಡುತ್ತಾರೆ.

ನಮ್ಮ ಮಂಡ್ಯ ಜಿಲ್ಲೆಯ ತಾಲ್ಲೂಕುಗಳ ಬದುಕು ನನಗೆ ತಿಳಿಯದ್ದಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆಯ ನೀರು ಕಬ್ಬಿಗೆ ಹರಿಯುತ್ತದೆ, ಆದರೆ ಕಬ್ಬಿನ ಹಣ ವರ್ಷಕ್ಕೊಮ್ಮೆ. ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕೇಂದ್ರದ ಆದೇಶವೇ ಇದೆ. ಆ ಹಣ ತಿಂಗಳುಗಟ್ಟಲೆ ಬಾರದ ವರ್ಷಗಳನ್ನೂ ನೀವು ಉಂಡಿದ್ದೀರಿ. ನಾಗಮಂಗಲದ ಖುಷ್ಕಿಯವನು ಮಳೆ ನಂಬಿ ರಾಗಿ ಬಿತ್ತುತ್ತಾನೆ, ಮಳೆ ಕೈಕೊಟ್ಟಾಗ ಬೋರು ಕೊರೆಸುತ್ತಾನೆ. ಬೋರಿನಲ್ಲಿ ದೂಳು ಬಂದರೂ ಬೋರಿನ ಸಾಲ ನಿಲ್ಲುವುದಿಲ್ಲ. ಇಂಥ ಮನೆಗೆ ಇಂದು ಸಂಘದ ಸಾಲದ ವಾರದ ಕಂತು ಬಂದು ಕೂತಿದೆ. ವರ್ಷಕ್ಕೊಮ್ಮೆ ಬರುವ ಹಣದಲ್ಲಿ ವಾರವಾರ ಕಟ್ಟುವುದು ಹೇಗೆ? ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಎತ್ತಬೇಕು, ಅದಕ್ಕೆ ಮತ್ತೊಂದು. ಇದನ್ನು ಸೋಮಾರಿತನ ಎನ್ನುವವರಿಗೆ ಬೇಸಾಯ ಗೊತ್ತಿಲ್ಲ. ವಾರದ ಕಂತು ಬೇಕೇ ಬೇಕೆಂದರೆ ಡೇರಿಗೆ ಹಾಕುವ ಹಾಲಿನ ಬಟವಾಡೆಯಲ್ಲಿ ಕಟ್ಟಲಾಗುವಷ್ಟಕ್ಕೇ ಮಾಡಿ, ಕಬ್ಬನ್ನು ನಂಬಿ ಮಾಡಬೇಡಿ.

2015ರಲ್ಲಿ ನಮ್ಮ ಜಿಲ್ಲೆಯ ರೈತರು ಸಾಲದ ಭಾರಕ್ಕೆ ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡದ್ದು ಯಾರಿಗೂ ಮರೆತಿಲ್ಲ. ಅಂಥ ಮನೆಗಳಲ್ಲಿ ಹೆಂಗಸರು ಅಳುತ್ತಾ ಆಡುವ ಮಾತು ಒಂದೇ: "ಇಷ್ಟೊಂದು ಐತೆ ಅಂತ ಒಂದ್ ಮಾತೂ ಹೇಳ್ಲಿಲ್ವಲ್ಲಪ್ಪ, ಹೇಳಿದ್ರೆ ಹೆಂಗೋ ತೀರುಸ್ತಿದ್ವಲ್ಲ." ಆ ತಾಯಂದಿರು ಆಡುವುದು ನಿಜ. ಜಮೀನಿಗೆ, ಒಡವೆಗೆ ಬೆಲೆ ಕಟ್ಟಬಹುದು. ಮನೆಯ ಯಜಮಾನನಿಗೆ ಯಾವ ಬ್ಯಾಂಕೂ ಬೆಲೆ ಕಟ್ಟಲಾರದು.

ಆದ್ದರಿಂದ ಇಂದು ರಾತ್ರಿ ಊಟವಾದ ಮೇಲೆ ದೊಡ್ಡವರೆಲ್ಲ ಒಟ್ಟಿಗೆ ಕೂರಿ. ದೇವರ ಮುಂದೆ ದೀಪ ಹಚ್ಚಿ, ಒಂದು ನೋಟ್‌ಬುಕ್ ತೆಗೆದುಕೊಂಡು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಗಡುವು ಯಾವಾಗ ಎಂದು ಒಂದೂ ಬಿಡದೆ ಬರೆಯಿರಿ. ಬರೆಯುವಾಗ ಯಾರೂ ಯಾರನ್ನೂ ಬೈಯಬಾರದು. ಇದೇ ನಾನು ನಿಮಗೆ ಕೊಡುವ ವ್ರತ. ಬರೆದ ಮೇಲೆ ಬಡ್ಡಿಯ ಲೆಕ್ಕ ನೋಡಿ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಎಂದರೆ ಕೇಳಲು ಸಣ್ಣದು. ಲಕ್ಷಕ್ಕೆ ವರ್ಷಕ್ಕೆ 60,000 ರೂಪಾಯಿ ಬಡ್ಡಿಯೇ ಆಯಿತು, ಅಸಲು ಹಾಗೇ ಇರುತ್ತದೆ. ಸೊಸೈಟಿಯ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ಎರಡೂ ಇರುವವನು ಮೊದಲು ನೂರಕ್ಕೆ ಐದರ ಬಡ್ಡಿಯವನ ಸಾಲವನ್ನು ತೀರಿಸಬೇಕು, ಸೊಸೈಟಿಯ ಗಡುವನ್ನೂ ತಪ್ಪಿಸಬಾರದು. ಅದಕ್ಕೆ ಒಡವೆ ಮಾರಬೇಕಾಗಿ ಬಂದರೆ ಮಾರಿ. ಮೇಲುಕೋಟೆಯ ಚೆಲುವನಾರಾಯಣನೇ ವೈರಮುಡಿಯನ್ನು ವರ್ಷದಲ್ಲಿ ಒಂದು ರಾತ್ರಿ ಧರಿಸುತ್ತಾನೆ, ಆಮೇಲೆ ಅದು ಮಂಡ್ಯದ ಖಜಾನೆಗೆ ಮರಳುತ್ತದೆ. ಉಳಿದ ದಿನ ಕಿರೀಟವಿಲ್ಲವೆಂದು ಅವನ ಚೆಲುವು ಕುಂದಿಲ್ಲ. ಸಾಲ ತೀರಿಸಲು ಸರ ಕೊಟ್ಟ ತಾಯಿಯ ಬರಿಗೊರಳನ್ನು ಕಂಡು ಆಡಿಕೊಳ್ಳುವವರಿಗೆ ದೇವರ ಸನ್ನಿಧಿಯಲ್ಲಿ ಜಾಗವಿಲ್ಲ.

ಕೆ.ಆರ್. ಪೇಟೆಯ ವರಾಹನಾಥ ಕಲ್ಲಹಳ್ಳಿಗೆ ಮಣ್ಣು, ಇಟ್ಟಿಗೆ ಹೊತ್ತು ಹೋಗಿ ಮನೆಯಾಗಲೆಂದು ಹರಕೆ ಹೊರುತ್ತೀರಿ. ಒಳ್ಳೆಯದು. ಆದರೆ ಮನೆಗೆಂದು ಸಾಲದ ಮೇಲೆ ಸಾಲ ಎತ್ತಬೇಡಿ, ತಾರಸಿ ನಾಲ್ಕು ವರ್ಷ ತಡವಾದರೂ ಭೂವರಾಹಸ್ವಾಮಿ ಮುನಿಯುವುದಿಲ್ಲ.

ಮದುವೆಯ ಮಾತನ್ನು ಮಾತ್ರ ಕೊಂಚ ಕಠಿಣವಾಗಿಯೇ ಹೇಳುತ್ತೇನೆ. ಛತ್ರದ ಖರ್ಚು ಸಾಲದೆಂದು ಬೀಗರೂಟ. ಅವರು ಇಷ್ಟು ಕುರಿ ಕಡಿದರು, ನಾವು ಇನ್ನೂ ಹೆಚ್ಚು ಕಡಿಯಬೇಕೆಂಬ ಹಟ. ಒಂದು ಮಧ್ಯಾಹ್ನದ ಬಾಡೂಟಕ್ಕೆ ಐದಾರು ವರ್ಷದ ಕಬ್ಬು ಹೋಗುತ್ತದೆ. ತಪ್ಪು ಹೆಣ್ಣಿನ ತಂದೆಯದಲ್ಲ. ಎಲೆ ಮುಂದೆ ಕೂತು, ಎಲುಬೇ ಜಾಸ್ತಿ ಎಂದು ಎದ್ದುಬಂದ ನಮ್ಮದು. ನಮ್ಮ ನಾಲಿಗೆಯ ಭಯಕ್ಕೆ ಅವನು ಸಾಲ ಮಾಡಿದ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಅನ್ನ ಸಾರು ಬಡಿಸಿದವನ ಮನೆಗೆ ಊರ ಯಜಮಾನರು ಮೊದಲ ಪಂಕ್ತಿಯಲ್ಲಿ ಹೋಗಿ ಕೂರಲಿ, ಉಳಿದವರು ತಾವೇ ಬರುತ್ತಾರೆ. ಹಾಗೆಯೇ ನಾಟಿಗೆ, ಕಟಾವಿಗೆ ಹಿಂದಿನ ಮುಯ್ಯಾಳು ಪದ್ಧತಿ ಮತ್ತೆ ನಡೆಯಲಿ. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು ಎಂದು ದುಡಿದರೆ ಕೂಲಿಗಾಗಿ ಕೈಸಾಲ ಎತ್ತುವುದು ತಪ್ಪುತ್ತದೆ.

ಪಡೆದದ್ದನ್ನು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹರಿಶ್ಚಂದ್ರನಂಥ ಸತ್ಯವಂತನೂ ವಿಶ್ವಾಮಿತ್ರನಲ್ಲಿ ಗಡುವು ಕೇಳಿದ. ನೀವು ಸೊಸೈಟಿಗೆ, ಬ್ಯಾಂಕಿಗೆ ಹೋಗಿ ಕಾಲಾವಕಾಶ ಕೇಳಲು ನಾಚಬೇಡಿ. ಫೋನ್ ಆಫ್ ಮಾಡಿ ಕೂರುವುದಕ್ಕಿಂತ ಅದು ಸಾವಿರ ಪಾಲು ಮೇಲು. ಇನ್ನು ಬಾಗಿಲಿಗೆ ಬಂದು ಮಾನ ಕಳೆಯುವವರ ವಿಷಯ. ಕಿರುಸಾಲದ ಕಂತಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಿ ಕಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ನಮ್ಮ ರಾಜ್ಯವೇ ಕಾನೂನು ತಂದಿದೆ. ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಬೆದರಿಸಿದರೆ ಒಬ್ಬರೇ ಹೆದರಿ ಕೂರಬೇಡಿ, ನಾಲ್ಕು ಜನರನ್ನು ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಡಿ.

ಬದುಕೇ ಬೇಡವೆನಿಸುವ ಹೊತ್ತು ಬಂದರೆ, ಆ ಕ್ಷಣವೇ ಮನೆಯವರನ್ನು ಎಬ್ಬಿಸಿ. 14416 ನಂಬರಿಗೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ದೇವರು ಸಹಾಯಕ್ಕೆ ಬರುವುದು ಹೀಗೆಯೂ ಹೌದು.

ಕೊನೆಗೆ, ಗಟ್ಟಿಯಾಗಿರುವ ಮನೆಯವರಿಗೆ ಒಂದು ಕೆಲಸ. ನಿಮ್ಮ ಊರಿನಲ್ಲಿ ಈಚೆಗೆ ಹಬ್ಬಕ್ಕೂ ಅರಳಿಕಟ್ಟೆಗೂ ಬಾರದೆ ಉಳಿದವರೊಬ್ಬರು ಇದ್ದೇ ಇರುತ್ತಾರೆ. ಪ್ರಸಾದ ತೆಗೆದುಕೊಂಡು ಅವರ ಮನೆಗೆ ಹೋಗಿ. ಸಾಲದ ಮಾತನ್ನು ನೀವಾಗಿ ಎತ್ತಬೇಡಿ. ಕೂತು ಒಂದು ಲೋಟ ಕಾಫಿ ಕುಡಿಯಿರಿ, ಹೊಲದ ಕೆಲಸ ಕೇಳಿ. ಅವರೇ ಬಾಯಿಬಿಟ್ಟರೆ ಪೂರ್ತಿ ಕೇಳಿ, ಮತ್ತೆ ಮುಂದಿನ ವಾರವೂ ಹೋಗಿ.