ಬಿಸಿನೀರಿನ ಅರ್ಜಿ

2023ರ ಜನವರಿ ಮೊದಲ ವಾರದ ಒಂದು ರಾತ್ರಿ, ರಾಯಚೂರು ಕಡೆಯ ಹುಡುಗನೊಬ್ಬ ದೆಹಲಿಯ ನಮ್ಮ ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದ. ಎಂಎ ಮೊದಲ ವರ್ಷ. ಕೈಯಲ್ಲೊಂದು ಅರ್ಜಿ ಇತ್ತು. ಸ್ನಾನದ ಮನೆಗಳಿಗೆ ಗೀಸರ್ ಹಾಕಿಸಿಕೊಡಿ ಎಂದು ವಾರ್ಡನ್ನರಿಗೆ ಬರೆದದ್ದು. ಕೆಳಗೆ ಮೂವತ್ತೋ ನಲವತ್ತೋ ಸಹಿಗಳು. ಪಿಎಚ್‌ಡಿಯವರ ಸಹಿ ಬಿದ್ದರೆ ತೂಕ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. "ಅಣ್ಣಾ, ನೀರು ಮುಟ್ಟಾಕ ಆಗವಲ್ದು ನೋಡ್ರಿ. ಮುಖ ತೊಳದ್ರ ಹಲ್ಲು ನೋಯ್ತಾವ" ಅಂದ.

ನಾನು ಅರ್ಜಿಯನ್ನು ಓದಿದೆ. ಒಂದು ಕಾಗುಣಿತದ ತಪ್ಪು ತೋರಿಸಿದೆ. ಆಮೇಲೆ ನಗುತ್ತಾ ಹೇಳಿದೆ: "ನಾವೂ ಇದೇ ನೀರಲ್ಲಿ ಮಿಂದೇ ಎಂಎ ಮುಗಿಸಿದ್ದು ಕಣೋ. ಒಂದು ಚಳಿಗಾಲ ಕಳೀಲಿ, ನಿಂಗೂ ರೂಢಿ ಆಗುತ್ತೆ."

ಸಹಿ ಹಾಕಲಿಲ್ಲ. ಅವನು "ಆಯ್ತಣ್ಣಾ" ಎಂದು ಹೋದ. ಆ ವಾರವೇ, ಜನವರಿ 8ರ ಬೆಳಗ್ಗೆ, ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಕನಿಷ್ಠ ತಾಪಮಾನ 1.9 ಡಿಗ್ರಿಗೆ ಇಳಿಯಿತು. ತಿಂಗಳ ಕೊನೆಗೆ ಹುಡುಗ ಊರಿಗೆ ಹೋದವನು ಮರಳಲಿಲ್ಲ. ತಣ್ಣೀರಿನಿಂದಲೇ ಓದು ಬಿಟ್ಟ ಎಂದು ನಾನು ಹೇಳಲಾರೆ. ಅವನಿಗೆ ದುಡ್ಡಿನ ತಾಪತ್ರಯವಿತ್ತು, ತರಗತಿಯ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ, ಕೆಮ್ಮು ಹಿಡಿದಿತ್ತು. ಆದರೆ ಅವನು ನನ್ನ ಬಳಿ ಕೇಳಿದ್ದು ಇಷ್ಟರಲ್ಲಿ ಒಂದನ್ನೇ, ಅದೂ ನನಗೆ ಒಂದು ಗೀಟಿನಷ್ಟು ಖರ್ಚಿನದು.

ನಾನು ಹೇಳಿದ ಮಾತು ನನ್ನದೇನಲ್ಲ. ಹಾಸ್ಟೆಲುಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿ ಬರುವ ಮಾತು ಅದು. ನನಗೂ ಒಬ್ಬ ಹಿರಿಯರು ಹೇಳಿದ್ದರು. ಅವರು ಹೇಳಿದಾಗ ನನಗೆ ಸಿಟ್ಟು ಬಂದಿತ್ತು ಎಂಬುದು ನಾನು ಹೇಳುವಾಗ ನೆನಪಾಗಲಿಲ್ಲ.

ನನ್ನ ಊರು ಪಾವಗಡ ತಾಲ್ಲೂಕಿನ ವಳ್ಳೂರು. ಚಳಿ ನಮಗೆ ಗೊತ್ತಿಲ್ಲವೆಂದಲ್ಲ. ಬಯಲುಸೀಮೆಯ ಒಣಹವೆಯಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ, ಹಗಲು ಕಾದ ನೆಲ ರಾತ್ರಿ ಬೇಗ ಆರುತ್ತದೆ. ಡಿಸೆಂಬರಿನಲ್ಲಿ ಬೆಳಗಿನ ಜಾವ ಹೊಲಕ್ಕೆ ಹೋಗುವವರು ಕರಿ ಕಂಬಳಿ ಗುಬುರು ಹಾಕಿಕೊಂಡೇ ಹೋಗುತ್ತಿದ್ದರು. ಆದರೆ ನಮ್ಮಲ್ಲಿ ಚಳಿಗಾಲದ ಬೆಳಗ್ಗೆ ಬೋರ್‌ವೆಲ್ ನೀರು ಬೆಚ್ಚಗಿರುತ್ತದೆ, ಹೊಗೆಯಾಡುತ್ತದೆ. ನೆಲದಾಳದ ನೀರು ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಬಿಸುಪಿನಲ್ಲಿರುವುದರಿಂದ ಹೀಗೆ. ಅದರ ಮೇಲೆ ಹಂಡೆ ಒಲೆ, ಒಲೆಗೆ ಜಾಲಿ ಸೌದೆ, ಶೇಂಗಾ ಸಿಪ್ಪೆ. ಬಡತನ ಇತ್ತು, ಬಿಸಿನೀರೂ ಇತ್ತು. ದೆಹಲಿಯ ನೀರು ತಾರಸಿಯ ಮೇಲಿನ ಟ್ಯಾಂಕಿನಲ್ಲಿ ರಾತ್ರಿಯಿಡೀ ನಿಂತು, ಬಯಲ ಗಾಳಿಯ ಚಳಿಯನ್ನೆಲ್ಲ ಕುಡಿದು ಬೆಳಗ್ಗೆ ನಲ್ಲಿಗೆ ಇಳಿಯುತ್ತದೆ.

2019ರ ಡಿಸೆಂಬರ್ ನನ್ನ ಮೊದಲ ಚಳಿಗಾಲ. ಆ ತಿಂಗಳ 30ರಂದು ದೆಹಲಿಯ ಗರಿಷ್ಠ ತಾಪಮಾನ 9.4 ಡಿಗ್ರಿ, 1901ರಿಂದೀಚೆಗೆ ಡಿಸೆಂಬರಿನಲ್ಲಿ ಅಷ್ಟು ತಣ್ಣನೆಯ ಹಗಲು ಇರಲಿಲ್ಲ ಎಂದು ಪತ್ರಿಕೆಗಳು ಬರೆದವು. ಕನಿಷ್ಠವಲ್ಲ, ಗರಿಷ್ಠ! ಉತ್ತರದ ಚಳಿಯಲ್ಲಿ ಕೊಲ್ಲುವುದು ರಾತ್ರಿಯಷ್ಟೇ ಅಲ್ಲ, ಮಂಜು ಕವಿದು ಸೂರ್ಯ ಕಾಣದ ಹಗಲು. ಅಲ್ಲಿನ ಕಟ್ಟಡಗಳನ್ನು ಮೇ ತಿಂಗಳ ಬಿಸಿಲನ್ನು ನೆನೆದು ಕಟ್ಟಿರುತ್ತಾರೆ. ಎತ್ತರದ ಛಾವಣಿ, ಗಾಳಿ ಆಡುವ ಕಿಟಕಿ, ಮೊಸಾಯಿಕ್ ನೆಲ. ಮಂಜು ನಾಲ್ಕು ದಿನ ನಿಂತರೆ ಗೋಡೆಗಳು ತಣ್ಣಗಾಗಿ, ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಕೋಣೆಯಲ್ಲಿ ಹೀಟರ್ ಇಡುವಂತಿಲ್ಲ. ಆ ನಿಯಮ ಬರೀ ದರ್ಪವಲ್ಲ, ಹಳೇ ವೈರಿಂಗಿನ ಮೇಲೆ ಸಾಲು ಸಾಲು ಕಾಯಿಲ್‌ಗಳು ಉರಿದರೆ ಬೆಂಕಿ ಹತ್ತುತ್ತದೆ. ಬಾಗಿಲು ಮುಚ್ಚಿ ಇದ್ದಿಲಿನ ಅಂಗೀಠಿ ಹಚ್ಚಿಕೊಂಡು ಮಲಗಿ, ವಿಷಗಾಳಿಗೆ ಸತ್ತವರ ಸುದ್ದಿ ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ನಿಯಮ ಸರಿ. ಆದರೆ ಹೀಟರ್ ಬೇಡ ಎನ್ನುವವರು ಬೇರೆ ಏನು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ 'ರೂಢಿ ಆಗುತ್ತೆ' ಎಂಬುದೇ.

ಹಾಗಾದರೆ ನನಗೆ ರೂಢಿಯಾಯಿತೇ? ಚಳಿ ನನ್ನನ್ನು ಗಟ್ಟಿ ಮಾಡಿತೇ?

ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಹೀಗಿದೆ. ಆ ಮೊದಲ ಚಳಿಗಾಲ ನನ್ನ ಬಳಿ ಒಂದು ಎಲೆಕ್ಟ್ರಿಕ್ ಕೆಟಲ್ ಇತ್ತು. ಯಾರಾದರೂ ನೋಡಿದರೆ ಕೇಳುತ್ತಾರೆ ಎಂದು ಬೆಳಗಿನ ನಾಲ್ಕಕ್ಕೆ ಎದ್ದು, ಬಾಗಿಲು ಹಾಕಿಕೊಂಡು ನೀರು ಕಾಯಿಸಿ, ಬಕೆಟ್ಟಿಗೆ ಟವೆಲ್ ಮುಚ್ಚಿಕೊಂಡು ಸ್ನಾನದ ಮನೆಗೆ ಹೋಗುತ್ತಿದ್ದೆ. ಪಕ್ಕದ ಕೋಣೆಯ ಒಡಿಯಾ ಹುಡುಗನಿಗೆ ಜ್ವರ ಬಂದಾಗಲೂ ಹೇಳಲಿಲ್ಲ. "ನಾವೂ ಇದೇ ನೀರಲ್ಲಿ ಮಿಂದಿದ್ದು" ಎಂದೆನಲ್ಲ, ಅದು ಪೂರ್ತಿ ನಿಜವೂ ಆಗಿರಲಿಲ್ಲ. ಚಳಿ ನನ್ನನ್ನು ಗಟ್ಟಿ ಮಾಡಲಿಲ್ಲ, ಜಿಪುಣನನ್ನಾಗಿ ಮಾಡಿತು. ನಮ್ಮ ಅಮ್ಮ ಫೋನಿನಲ್ಲಿ "ಅಲ್ಲಿ ನೀರು ಕಾಯಿಸ್ಕೊಂಡು ಹುಯ್ಕಂತೀಯೇನಪ್ಪಾ?" ಎಂದು ಕೇಳಿದರೆ "ಹೂಂ ಅಮ್ಮ" ಅನ್ನುವುದು ಮಾತ್ರ ಸುಳ್ಳಾಗಿರಲಿಲ್ಲ.

ಒಳ್ಳೆಯದೂ ನಡೆದಿದೆ. ಗೇಟಿನ ಕಾವಲುಗಾರರು ರಾತ್ರಿ ರಟ್ಟಿನ ಪೆಟ್ಟಿಗೆ, ಒಣ ಟೊಂಗೆ ಹಾಕಿ ಬೆಂಕಿ ಮಾಡುತ್ತಿದ್ದರು. ಲೈಬ್ರರಿಯಿಂದ ಬರುವ ನಮಗೆ ಜರುಗಿ ಜಾಗ ಕೊಡುತ್ತಿದ್ದರು. ಬಿಹಾರದ ಒಬ್ಬ ಕಾಕಾ ನನ್ನ ಕಂಬಳಿ ಮುಟ್ಟಿ ನೋಡಿ, ಯಾವ ಊರಿನ ಕುರಿಯದ್ದು ಎಂದು ಕೇಳಿದ್ದರು. ಶಿರಾ ಕಡೆಯದು ಎಂದೆ. ಈ ನೆನಪುಗಳನ್ನೆಲ್ಲ ನಾವು ಚಳಿಯ ಖಾತೆಗೆ ಜಮಾ ಮಾಡಿಬಿಡುತ್ತೇವೆ. ಅದು ತಪ್ಪು ಲೆಕ್ಕ. ಜಾಗ ಕೊಟ್ಟದ್ದು ಚಳಿಯಲ್ಲ, ಆ ಮನುಷ್ಯ. ಅವರು ಬೇಸಿಗೆಯಲ್ಲೂ ತಮ್ಮ ಹೂಜಿಯ ನೀರು ಕೊಡುತ್ತಿದ್ದರು.

ಕಷ್ಟದ ಮಹಿಮೆ ಹೇಳುವ ಪುಸ್ತಕಗಳನ್ನು ಓದಿಯೇ ನಾನು ಬೆಳೆದದ್ದು. ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ವಾರಾನ್ನ, ಬೀದಿದೀಪ, ಉಚಿತ ಹಾಸ್ಟೆಲು ಬಾರದೇ ಇರುವುದು ಕಡಿಮೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಹಾಸ್ಟೆಲ್ ಪ್ರಸಂಗಗಳನ್ನು ಓದಿ ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ಆದರೆ ಒಂದು ಮಾತು ಮರೆಯುತ್ತೇವೆ: ಬರೆದವರು ದಾಟಿದವರು. ಮಂಗಳವಾರದ ಮನೆಯವರು ಊಟ ಇಲ್ಲ ಎಂದ ದಿನವೇ ಊರಿಗೆ ಬಸ್ಸು ಹತ್ತಿದ ಹುಡುಗನ ಆತ್ಮಕಥೆ ಯಾವ ಗ್ರಂಥಾಲಯದಲ್ಲೂ ಇಲ್ಲ. ಕಾಲೇಜಿನ ಸಮಾರಂಭದಲ್ಲಿ ಶಾಲು ಹೊದ್ದು "ಕಷ್ಟವೇ ನನ್ನ ಗುರು" ಎನ್ನುವವರ ಎದುರಿಗೆ, ಅದೇ ಗುರುವಿನ ಕೈಲಿ ಪೆಟ್ಟು ತಿಂದು ಓಡಿಹೋದವರನ್ನು ಯಾರೂ ಕರೆದು ಕೂರಿಸುವುದಿಲ್ಲ.

ತತ್ವಶಾಸ್ತ್ರದ ಕಡೆ ತಿರುಗಿದರೂ ಇದೇ ತಮಾಷೆ. ರೋಮಿನ ಸೆನೆಕ ಜನವರಿ ಒಂದರಂದು ತಣ್ಣೀರಿಗೆ ಧುಮುಕುವುದನ್ನು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಅವನು ಆ ಕಾಲದ ಭಾರೀ ಶ್ರೀಮಂತರಲ್ಲಿ ಒಬ್ಬ. ಮೈ ಒರೆಸಿಕೊಂಡು ಬೆಚ್ಚನೆಯ ಮನೆಗೆ ಹೋಗಬಲ್ಲವನು. ಇತ್ತ ಡೇಕಾರ್ಟ್, 1619ರ ಚಳಿಗಾಲದಲ್ಲಿ ಒಲೆ ಉರಿಯುವ ಬೆಚ್ಚನೆ ಕೋಣೆಯೊಂದರಲ್ಲಿ ಒಬ್ಬನೇ ಕೂತು ತನ್ನ ಹೊಸ ದಾರಿಯನ್ನು ಯೋಚಿಸಿದೆ ಎನ್ನುತ್ತಾನೆ. ಮೂವತ್ತು ವರ್ಷದ ನಂತರ ಸ್ವೀಡನ್ನಿನ ರಾಣಿ ಕ್ರಿಸ್ಟೀನಾಗೆ ಬೆಳಗಿನ ಐದಕ್ಕೆ ಪಾಠ ಹೇಳಲು ಹೋದ ಅವನು, 1650ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ನ್ಯುಮೋನಿಯಾದಿಂದ ಸತ್ತ. ನಾನು ಸಂಶೋಧನಾ ಪ್ರಬಂಧದ ಒಂದು ಅಧ್ಯಾಯವನ್ನು ಕೈಗವಸು ಹಾಕಿಕೊಂಡು ಟೈಪು ಮಾಡಿದವನು. ಯೋಚನೆಗೆ ಒಲೆ ಬೇಕು ಎಂಬ ವಿಷಯದಲ್ಲಿ ನಾನು ಡೇಕಾರ್ಟನ ಪಕ್ಷ. ತಾನೇ ಆರಿಸಿಕೊಂಡ ಚಳಿ ವ್ರತವಿರಬಹುದು. ಇನ್ನೊಬ್ಬರು ಹೊರಿಸಿದ ಚಳಿ ಬರೀ ಚಳಿ.

ಹಾಗಿದ್ದೂ ನಾನೇಕೆ ಸಹಿ ಹಾಕಲಿಲ್ಲ? ಬಹಳ ದಿನ ಯೋಚಿಸಿದ ಮೇಲೆ ಹೊಳೆದದ್ದು ನನಗೆ ಹಿತವಾದುದಲ್ಲ. ಗೀಸರ್ ಹಾಕಿಸುವುದು ಅಷ್ಟು ಸುಲಭವಾಗಿತ್ತು, ಒಂದು ಅರ್ಜಿಯಿಂದ ಆಗುವ ಕೆಲಸ ಎಂದಾದರೆ, ನಾನು ಕಳೆದ ಚಳಿಗಾಲಗಳಿಗೆ ಅರ್ಥವೇ ಉಳಿಯುವುದಿಲ್ಲ. ಅದು ತಪಸ್ಸಲ್ಲ, ಯಾರದೋ ಸೋಮಾರಿತನ ಎಂದಾಗುತ್ತದೆ. ನನ್ನ ಕಷ್ಟದ ಮರ್ಯಾದೆ ಉಳಿಯಬೇಕಾದರೆ ಆ ರಾಯಚೂರಿನ ಹುಡುಗನೂ ನಡುಗಬೇಕು. ಯಾರ ಮೇಲೂ ದ್ವೇಷವಿಲ್ಲದೆ, ನಗುನಗುತ್ತಲೇ ನಾನು ಕೇಳಿದ್ದು ಅದನ್ನು.

ಈ ಮಾತಿನ ಇನ್ನೊಂದು ತುದಿಯನ್ನು ನಾನು ಚಿಕ್ಕವನಿದ್ದಾಗಲೇ ಊರಲ್ಲಿ ಕಂಡಿದ್ದೆ. ಪಾವಗಡದಲ್ಲಿ ಬರ ಬೀಳದ ವರ್ಷಗಳನ್ನು ಬೆರಳಲ್ಲಿ ಎಣಿಸಬಹುದು. ಕುಡಿಯುವ ನೀರಲ್ಲಿ ಫ್ಲೋರೈಡ್. ಹಲ್ಲು ಕಂದಿದ, ಮಂಡಿ ಬಗ್ಗಿದ ಜನರನ್ನು ನೋಡುತ್ತಲೇ ನಾವು ಬೆಳೆದೆವು. ಜೀಪಿನಲ್ಲಿ ಬಂದವರು "ಈ ಕಡೆ ಜನ ಬಹಳ ಗಟ್ಟಿ, ಎಂಥಾ ಬರಾನೂ ತಡ್ಕೊಂತಾರೆ" ಅನ್ನುತ್ತಿದ್ದರು. ನಮ್ಮ ಹಿರಿಯರು ಅದನ್ನು ಹೊಗಳಿಕೆ ಎಂದೇ ತಿಳಿದು ಕೈ ಮುಗಿಯುತ್ತಿದ್ದರು. ಗಟ್ಟಿ ಜನಕ್ಕೆ ನೀರು ತಡವಾಗಿ ಕೊಟ್ಟರೂ ನಡೆಯುತ್ತದೆ ಎಂಬ ಅರ್ಥ ಅದರೊಳಗೆ ಮಡಚಿ ಕೂತಿದ್ದು ನನಗೆ ಕಂಡದ್ದು ತೀರಾ ಈಚೆಗೆ, ನಾನೇ ಜೀಪಿನಲ್ಲಿ ಬಂದವನ ಹಾಗೆ ಮಾತಾಡಿದ ಮೇಲೆ.

ಈಗ ವಳ್ಳೂರು, ತಿರುಮಣಿ, ಬಳಸಮುದ್ರ ಸೇರಿ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಕನ್ನಡಿ ಹಾಸಿದಂತೆ ಕಾಣುತ್ತದೆ. ನೆಲ ರೈತರದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ನೆಲವಿಲ್ಲದ ಕೂಲಿಯವರಿಗೆ ಆ ಬಾಡಿಗೆ ಇಲ್ಲ, ಅದು ಬೇರೆಯದೇ ಒಂದು ಪ್ರಬಂಧ. ನಾನು ಹೇಳಹೊರಟಿದ್ದು ಇಷ್ಟೇ: ನಮ್ಮನ್ನು ಸುಡುತ್ತಿದ್ದ ಬಿಸಿಲನ್ನು ಯಾರೂ ಗುರು ಎಂದು ಬಿಡಲಿಲ್ಲ, ತಂತಿಗೆ ಹಾಕಿ ಕಳಿಸಿದರು. ದೆಹಲಿಯ ಕೋಣೆಯಲ್ಲಿ ಮೂರು ಸ್ವೆಟರ್ ಹಾಕಿ ಕೂತಾಗ ಇದನ್ನು ನೆನೆದು ನನಗೆ ನಗು ಬರುತ್ತಿತ್ತು.

ಅರ್ಜಿ ಮರುವರ್ಷ ಮತ್ತೆ ಹೊರಟಿತು, ಬೇರೆ ಹುಡುಗರ ಕೈಲಿ. ಆಗ ಸಹಿ ಹಾಕಿದೆ, ಇನ್ನಿಬ್ಬರ ಹತ್ತಿರ ಹಾಕಿಸಿದೆ. ಮಹಡಿಗೊಂದರಂತೆ ಗೀಸರ್ ಬಂದಿವೆ. ಬೆಳಗ್ಗೆ ಸಾಲು ನಿಲ್ಲಬೇಕು. ಹೊಸ ಹುಡುಗರು "ಇದೇನು, ಎರಡೇ ಬಕೆಟ್ಟಿಗೆ ಬಿಸಿ ನಿಂತುಹೋಗುತ್ತೆ" ಎಂದು ಬೈಯುತ್ತಾರೆ. ನಾಲಿಗೆಯ ತುದಿಗೆ ಆ ಹಳೇ ಮಾತು ಬರುತ್ತದೆ, ನುಂಗಿಕೊಳ್ಳುತ್ತೇನೆ.

ಕಳೆದ ತಿಂಗಳು ಧೈರ್ಯ ಮಾಡಿ ರಾಯಚೂರಿನ ಹುಡುಗನಿಗೆ ಮೆಸೇಜು ಹಾಕಿದೆ. ಊರಲ್ಲೇ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನಂತೆ. ಸಹಿಯ ವಿಷಯ ನಾನು ಎತ್ತಲಿಲ್ಲ, ಅವನಿಗೆ ಅದು ನೆನಪಿದ್ದಂತೆಯೂ ಕಾಣಲಿಲ್ಲ. ಕೊನೆಗೆ ಅವನೇ ಕೇಳಿದ: "ಅಣ್ಣಾ, ಈಗರ ಬಿಸಿನೀರು ಬರ್ತಾವೇನ್ರಿ ಅಲ್ಲಿ?"

ಉತ್ತರ ಟೈಪು ಮಾಡಿ ಅಳಿಸಿ, ಟೈಪು ಮಾಡಿ ಅಳಿಸಿ, ಎರಡು ದಿನದ ಮೇಲೆ "ಬರುತ್ತೆ" ಎಂದು ಕಳಿಸಿದೆ.